ಟೈಲರ್ ಕಟ್ಟಿದ ಬೋಟು, 710 ಪ್ಲೈವುಡ್ಡು

ನಾನು ಕುಂದಾಪುರದಲ್ಲಿ 31 ವರ್ಷದಿಂದ ಟೈಲರ್. ಮರದ ಕೆಲಸ ಯಾರ ಹತ್ತಿರವೂ ಕಲಿತವನಲ್ಲ. ಆದರೂ ಮನೆ ಅಂಗಳದಲ್ಲಿ 15 ಅಡಿಯ ಒಂದು ಕ್ಯಾಬಿನ್ ಬೋಟು ಕಟ್ಟಿದೆ. ಎರಡು ಬೇಸಿಗೆ ಹಿಡಿಯಿತು. ನೋಡಲು ಬಂದವರು ಬೋಟನ್ನು ಹೊಗಳಿದ ಮೇಲೆ ಕೇಳುವುದು ಒಂದೇ: "ಪ್ಲೈ ಯಾವ್ದು ಹಾಕಿದ್ರಿ?" ಹಾಗಾಗಿ ಇದು ಪ್ಲೈವುಡ್ಡಿನ ವಿಮರ್ಶೆ. ಐಎಸ್ 710 ಅನ್ನುವುದು ನೀರು ತಡೆಯುವ ಪ್ಲೈಗೆ ಇರುವ ಭಾರತೀಯ ಮಾನಕದ ನಂಬರು, ಅಂದರೆ ಅಂಗಡಿಯಲ್ಲಿ ಮರೀನ್ ಪ್ಲೈ ಅಂತ ಕೊಡುವ ಮಾಲು.

ಮಾಲು ಒಳ್ಳೆಯದು. ಆದರೆ ಒಂದೊಂದು ಹಾಳೆಯನ್ನೂ ನೀವೇ ನೋಡಿ ಆರಿಸಬೇಕು. ಬರೀ ಮುದ್ರೆ ನಂಬಿ ತಂದರೆ ನನ್ನ ಹಾಗೆ ಎರಡು ಸಲ ಟೆಂಪೋ ಬಾಡಿಗೆ ಕೊಡುತ್ತೀರಿ.

ಬೋಟಿನ ನಕ್ಷೆ ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ತಗೊಂಡದ್ದು. ಬಿಡಿಸಿ ನೋಡಿದ ಕೂಡಲೇ ಧೈರ್ಯ ಬಂತು. ಅದು ಪಕ್ಕಾ ಬ್ಲೌಸಿನ ಕಟಿಂಗ್! ಚಪ್ಪಟೆ ತುಂಡುಗಳನ್ನು ಲೆಕ್ಕ ಹಿಡಿದು ಕತ್ತರಿಸುವುದು, ಅಂಚಿಗೆ ಅಂಚು ಕೂಡಿಸುವುದು, ಆಗ ತಾನಾಗಿ ಉಬ್ಬು ಬರುವುದು. ಇಲ್ಲಿ ದಾರದ ಬದಲು ತಾಮ್ರದ ತಂತಿ. ಅಂಚಿನಲ್ಲಿ ಸಣ್ಣ ತೂತು ಕೊರೆದು, ತಂತಿ ತೂರಿಸಿ, ಇಕ್ಕಳದಲ್ಲಿ ತಿರುಚಿ ಬಿಗಿ ಮಾಡಬೇಕು. ಆಮೇಲೆ ಒಳಮೂಲೆಗೆ ಎಪಾಕ್ಸಿ ಅಂಟಿಗೆ ಮರದ ಹುಡಿ ಕಲಸಿ ತುಂಬಬೇಕು. ಅದು ಒಣಗಿದ ಮೇಲೆ ತಂತಿ ಕಿತ್ತು, ಹೊರಗಿಂದ ಗಾಜಿನ ನಾರಿನ ಬಟ್ಟೆ ಹೊದಿಸಬೇಕು.

ಗಂಗೊಳ್ಳಿ ಕಡೆಯ ಹಿರಿಯರೊಬ್ಬರು ಬಂದು ಸುತ್ತ ಒಂದು ರೌಂಡ್ ಹೊಡೆದರು. "ಎಂತ ಮಾರಾಯಾ, ನಮ್ಮ ಅಜ್ಜಂದಿರ್ ಹೊಲ್ದದ್ದನ್ನೇ ನೀನೂ ಹೊಲೂದಾ?" ಅಂದರು. ನಿಜವೇ. ನಮ್ಮ ಕರಾವಳಿಯ ಹಳೇ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಮರಕ್ಕೆ ಗೇರೆಣ್ಣೆ ಬಳಿಯುತ್ತಿದ್ದರು. ಅವರ ಕೈಯಲ್ಲಿ ಹೆಬ್ಬಲಸಿನ ಹಲಗೆ ಇತ್ತು, ನನ್ನ ಕೈಯಲ್ಲಿ ಪ್ಲೈ ಇದೆ, ಅಷ್ಟೇ.

ಮೊದಲ ಸಲ ಹೆದ್ದಾರಿ ಪಕ್ಕದ ಒಂದು ಅಂಗಡಿಯಿಂದ 6 ಎಂಎಂನ ನಾಲ್ಕು ಹಾಳೆ ತಂದೆ. ಹೆಸರು ಬೇಡ ಬಿಡಿ. ಮುದ್ರೆ ಜೋರಾಗಿತ್ತು, ಐಎಸ್‌ಐ ಗುರುತೂ ಇತ್ತು. ಒಂದು ಹಾಳೆಗೆ ಗರಗಸ ಹಾಕಿದೆ. ಅಂಚು ನೋಡಿದರೆ ನಡುವಿನ ಪದರದಲ್ಲಿ ಪೆನ್ಸಿಲ್ ತೂರುವಷ್ಟು ಸಂದು! ಅಲಮಾರಿಗಾದರೆ ಏನೂ ಆಗಲ್ಲ. ಬೋಟಿಗೆ ಅದೇ ಯಮ. ಆ ಸಂದಿಗೆ ನೀರು ಹೋಗಿ ಕೂತರೆ ಹೊರಗಿಂದ ಗೊತ್ತೇ ಆಗಲ್ಲ, ಒಳಗೇ ಕೊಳೆಯುತ್ತದೆ. ಬಗ್ಗಿಸುವಾಗ ಮುರಿಯುವುದೂ ಅಲ್ಲಿಯೇ.

ಹೊಸ ಬಟ್ಟೆ ಬಂದರೆ ನೆನೆಸದೆ ಕತ್ತರಿ ಹಾಕುವವನಲ್ಲ ನಾನು. ಪ್ಲೈಗೂ ಅದನ್ನೇ ಮಾಡಿದೆ. 710ಕ್ಕೆ ಹಾಕುವ ಅಂಟು 72 ಗಂಟೆ ಕುದಿಯುವ ನೀರನ್ನು ತಡೆಯಬೇಕು ಅಂತ ನಿಯಮ. ಮನೆಯಲ್ಲಿ ಮೂರು ರಾತ್ರಿ ಬೆಂಕಿ ಕಾಯುವವರು ಯಾರು? ಹಳೇ ಅಲ್ಯುಮಿನಿಯಂ ಪಾತ್ರೆಯಲ್ಲಿ ಅಂಗೈ ಅಗಲದ ತುಂಡು ಹಾಕಿ, ಬಚ್ಚಲ ಒಲೆಯ ಮೇಲೆ ದಿನಕ್ಕೆ ಎಂಟು ಗಂಟೆಯ ಹಾಗೆ ಮೂರು ದಿನ ಕುದಿಸಿದೆ. ಮನೆಯವಳು ಬಗ್ಗಿ ನೋಡಿ "ಹ್ವಾಯ್, ಇವತ್ತು ಪ್ಲೈವುಡ್ಡಿನ ಸಾರಾ?" ಅಂದಳು. ಎರಡನೇ ದಿನ ಸಂಜೆ ತುಂಡು ನೀರುದೋಸೆ ಎಬ್ಬಿಸಿದ ಹಾಗೆ ಪದರ ಬಿಟ್ಟುಕೊಂಡಿತು. ಅಂಗಡಿಯವರು ಹಣ ವಾಪಸ್ ಕೊಡಲಿಲ್ಲ. ಆ ಹಾಳೆಗಳು ಈಗ ಕೋಳಿಗೂಡಿನ ಮಾಡು.

ಎರಡನೇ ಸಲ ಮಂಗಳೂರಿಗೇ ಹೋದೆ. ಅಲ್ಲಿಯ ಅಂಗಡಿಯವರು ಒಂದು ಹಾಳೆ ಮಾತ್ರ ಒಯ್ದು ಪರೀಕ್ಷೆ ಮಾಡಿ ನೋಡಿ ಅಂದರು. ಕತ್ತರಿಸಿದೆ, ಕುದಿಸಿದೆ, ಮೂರನೇ ದಿನವೂ ಅಲುಗಲಿಲ್ಲ. ಉಳಿದವನ್ನು ಅಲ್ಲೇ ಗೋಡೌನಿನಲ್ಲಿ ಒಂದೊಂದಾಗಿ ನಿಲ್ಲಿಸಿ ನಾಣ್ಯದಲ್ಲಿ ತಟ್ಟುತ್ತಾ ಹೋದೆ. ಒಳಗೆ ಟೊಳ್ಳಿದ್ದರೆ ಸದ್ದು ಬದಲಾಗುತ್ತದೆ. ಅಂಚಿನಲ್ಲಿ ಅಂಟಿನ ಗೆರೆ ನೋಡಿ: ಕುದಿನೀರು ತಡೆಯುವ ಫೀನಾಲ್ ಅಂಟಾದರೆ ಕಡು ಕಂದು ಬಣ್ಣ ಇರುತ್ತದೆ. ಮುದ್ರೆಯಲ್ಲಿ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ಅದು ಯಾರದ್ದು ಅಂತ ಗೊತ್ತಾಗುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು ಅಲ್ವಾ? 14 ಹಾಳೆ ತಟ್ಟಿ ಎರಡನ್ನು ಬಿಟ್ಟೆ. 6 ಎಂಎಂ ಒಂಬತ್ತು, 9 ಎಂಎಂ ಮೂರು, ಒಟ್ಟು 28,050 ರೂಪಾಯಿ. ಬಾಡಿಗೆ ಬೇರೆ.

ತೂಕ ಇದರ ದೊಡ್ಡ ಕೊರತೆ. ನಕ್ಷೆಯಲ್ಲಿ ಕೇಳಿದ್ದು ಒಕುಮೆ ಅನ್ನುವ ಆಫ್ರಿಕಾದ ಹಗುರ ಮರದ ಪ್ಲೈ. ನಮ್ಮದು ಅದಕ್ಕಿಂತ ಭಾರ, ಹಾಗಾಗಿ ಬೋಟು ಅವರು ಬರೆದದ್ದಕ್ಕಿಂತ ನೀರಲ್ಲಿ ಸ್ವಲ್ಪ ಕೆಳಗೇ ಕೂರುತ್ತದೆ. ಬಗ್ಗುವುದೂ ಕಷ್ಟ. ಮೂತಿಯ ಹತ್ತಿರ ತಂತಿ ಬಿಗಿಯುವಾಗ ಚಟ್ ಅಂತ ಸದ್ದು ಬಂತು, ನನ್ನ ಎದೆ ಧಸಕ್ಕೆಂದಿತು. ಆಮೇಲೆ ಒದ್ದೆ ಟವೆಲ್ ಹಾಸಿ, ಅಂಗಡಿಯ ಕೆಂಡದ ಇಸ್ತ್ರಿ ಪೆಟ್ಟಿಗೆ ಆಡಿಸಿದೆ. ಕೋಟಿನ ಕಾಲರ್ ಕೂರಿಸುವ ಉಪಾಯ ಅದು. ಹಾಳೆ ಮೆತ್ತಗಾಗಿ ಮಾತು ಕೇಳಿತು.

ಹಾಳೆ 8 ಅಡಿ, ಬೋಟು 15 ಅಡಿ. ಹಾಗಾಗಿ ಎರಡನ್ನು ಕೂಡಿಸಲೇಬೇಕು. ಅಂಚನ್ನು ದಪ್ಪದ ಎಂಟು ಪಟ್ಟು ಇಳಿಜಾರಾಗಿ ಹೆರೆದು ಒಂದರ ಮೇಲೊಂದು ಅಂಟಿಸುವುದು. 6 ಎಂಎಂಗೆ 48 ಎಂಎಂ ಇಳಿಜಾರು. ಇಲ್ಲಿ ಪ್ಲೈಗೆ ಪೂರ್ತಿ ಮಾರ್ಕ್ಸ್. ಹೆರೆಯುತ್ತಾ ಹೋದ ಹಾಗೆ ಪದರಗಳು ಸೀರೆ ಅಂಚಿನ ಪಟ್ಟಿಗಳ ಹಾಗೆ ನೇರವಾಗಿ ಕಾಣುತ್ತವೆ. ಪಟ್ಟಿ ಸೊಟ್ಟಗಾದರೆ ನಿಮ್ಮ ಕೈ ಸೊಟ್ಟಗಾಗಿದೆ ಅಂತ ಲೆಕ್ಕ.

ಎಪಾಕ್ಸಿ ಅಂಟಿನ ವಿಷಯ ಚುಟುಕಾಗಿ. ಅದು ಎರಡು ಡಬ್ಬಿಯ ಮಾಲು, ರೆಸಿನ್ನಿಗೆ ಹಾರ್ಡ್‌ನರ್ ಕಲಸಿದರೆ ಗಟ್ಟಿಯಾಗುತ್ತದೆ. ನಾನು ಬಳಸಿದ್ದು ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡ್‌ನರ್. 100 ಗ್ರಾಂ ರೆಸಿನ್ನಿಗೆ 10 ಗ್ರಾಂ ಹಾರ್ಡ್‌ನರ್, ತೂಕದ ಲೆಕ್ಕ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಏಪ್ರಿಲ್ ಮಧ್ಯಾಹ್ನ ದುರಾಸೆಯಿಂದ ಅರ್ಧ ಕೆಜಿ ಒಟ್ಟಿಗೇ ಮಗ್ಗಿನಲ್ಲಿ ಕಲಸಿದೆ. ಹೊಗೆ ಬಂತು, ಮಗ್ ಕರಗಿತು. ತಪ್ಪು ನನ್ನದೇ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಮಳೆ ಹವೆಯಲ್ಲಿ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ. ಅದನ್ನು ನೀರಲ್ಲಿ ತಿಕ್ಕಿ ತೊಳೆಯದೆ ಇನ್ನೊಂದು ಕೋಟ್ ಹಾಕಿದರೆ ಹಿಡಿಯಲ್ಲ. ಪ್ಲೈಗಾದ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು.

ಹೋದ ವರ್ಷ ಡಿಸೆಂಬರಿನಲ್ಲಿ ಪಂಚಗಂಗಾವಳಿ ಹೊಳೆಗೆ ಇಳಿಸಿದೆ. ಕ್ಯಾಬಿನ್ನಿನಲ್ಲಿ ಕೂರಬಹುದು, ಇಬ್ಬರು ಕಾಲು ಚಾಚಿ ಮಲಗಬಹುದು, ನಿಲ್ಲಲು ಆಗಲ್ಲ. ಮನೆಯವಳು ಒಂದು ರಾತ್ರಿ ಬಂದಳು. ಸೊಳ್ಳೆ ಪರದೆ ಹೊಲಿಯುವ ತನಕ ಇನ್ನು ಕರೆಯಬೇಡಿ ಅಂದಿದ್ದಾಳೆ. ಮಳೆಗಾಲದಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ಕಟ್ಟಿದ್ದೆ. ಈ ತಿಂಗಳು ಮೇಲೆಳೆದು ತಳದ ಚಿಪ್ಪು ಕೆರೆದು ಮೂಲೆ ಮೂಲೆ ತಟ್ಟಿ ನೋಡಿದೆ. ತಳ, ಪಕ್ಕ, ಡೆಕ್ ಎಲ್ಲ ಗಟ್ಟಿ. ಕ್ಯಾಬಿನ್ ಬಾಗಿಲಿನ ಕೆಳಗಂಚಿನಲ್ಲಿ ಮಾತ್ರ ಕಪ್ಪು ಕಲೆ. ಉಗುರಿನಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಅಲ್ಲಿ ಹಿಂಜ್ ಕೂರಿಸಲು ಕೊರೆದ ತೂತಿಗೆ ಎಪಾಕ್ಸಿ ಹಾಕದೆ ಸುಮ್ನೆ ಸ್ಕ್ರೂ ಬಿಗಿದಿದ್ದೆ. ಕತ್ತರಿಸಿದ ಅಂಚು, ಕೊರೆದ ತೂತು, ಒಂದನ್ನೂ ಎಪಾಕ್ಸಿ ಹಾಕದೆ ಬಿಡಬೇಡಿ. 710 ಆದರೂ ಒಳಗಿರುವುದು ಮರವೇ.

ಆ ಬಾಗಿಲನ್ನು ಹೊಸತಾಗಿ ಮಾಡಬೇಕು. ಅರ್ಧ ಹಾಳೆ ಸಾಕು. ಮಂಗಳೂರಿಗೆ ಫೋನ್ ಮಾಡಿದರೆ ಪೂರ್ತಿ ಹಾಳೆಯೇ ತಗೊಳ್ಳಿ, ಅರ್ಧ ಕೊಡಲ್ಲ ಅಂದರು. ಉಳಿದದ್ದನ್ನು ಅಂಗಡಿಯ ಕಟಿಂಗ್ ಟೇಬಲ್ಲಿಗೆ ಹೊಡೆಯಬೇಕು ಅಂತಿದ್ದೇನೆ.