ಬದಿಯಡ್ಕದ ಭಾನುವಾರದ ಜೀವಶಾಸ್ತ್ರ ತರಗತಿ: ಆರ್‌ಎನ್‌ಎ ಉಷ್ಣಮಾಪಕದ ಪಾಠ ಕೇಳಿದ ಮೇಲೆ

ಪ್ಲಸ್ ಟು ಓದುತ್ತಿರುವ ಮಗಳನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಖಾಸಗಿ ತರಗತಿಗೆ ಸೇರಿಸಿ ಎರಡು ತಿಂಗಳಾಯಿತು. ಹೆತ್ತವರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದಾದ್ದರಿಂದ, ಬ್ಯಾಕ್ಟೀರಿಯಾಗಳು ಜೀನಿನ ಸಂದೇಶ ಹೊತ್ತ ಆರ್‌ಎನ್‌ಎ ಎಂಬ ಅಣುವಿನ ಮೂಲಕ ಬಿಸಿಯನ್ನು ಅರಿಯುವ ಬಗೆಯ ಪಾಠವನ್ನು ನಾನೂ ಪೂರ್ತಿಯಾಗಿ ಕೇಳಿದೆ.

ಅಧ್ಯಾಪಿಕೆಯವರು ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಮಡಚಿ, ನಡುವೆ ತೆಂಗಿನೆಣ್ಣೆ ಸವರಿ, ಫ್ರಿಜ್ಜಿನಲ್ಲಿಟ್ಟು ತಂದಿದ್ದರು. ಹೆಪ್ಪುಗಟ್ಟಿದ ಎಣ್ಣೆಯಿಂದ ಅಂಟಿಕೊಂಡಿದ್ದ ಆ ಪಟ್ಟಿಯನ್ನು ಮಗಳು ಅಂಗೈಯಲ್ಲಿ ಹಿಡಿದಾಗ ಎಣ್ಣೆ ಕರಗಿ, ಮಡಿಕೆ ಮೆಲ್ಲನೆ ಬಿಚ್ಚಿಕೊಂಡು, ಒಳಗಿದ್ದ ಕೆಂಪು ಗುರುತು ಹೊರಗೆ ಕಾಣಿಸಿತು. ಪಟ್ಟಿಯೇ ಆರ್‌ಎನ್‌ಎ ಎಂದುಕೊಂಡರೆ, ಅದರ ಸಂದೇಶ ಓದಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಕಣ ಬಂದು ಕೂರಬೇಕಾದ ತಾಣವೇ ಆ ಗುರುತು. ಮಾಗಿಯ ಬೆಳಗ್ಗೆ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡುವ ನಮ್ಮೂರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಲಿಸ್ಟೀರಿಯಾ ಮೊನೊಸೈಟೋಜೀನಸ್ ಎಂಬ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಅದರ ಪಿಆರ್‌ಎಫ್‌ಎ ಜೀನಿನ ಸಂದೇಶವಾಹಕ ಆರ್‌ಎನ್‌ಎ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಡಚಿಕೊಂಡಿದ್ದು, ನಮ್ಮ ಮೈಯ 37 ಡಿಗ್ರಿಯಲ್ಲಿ ಸಡಿಲಗೊಳ್ಳುತ್ತದೆ. ಆಗ ತಯಾರಾಗುವ ಪ್ರೋಟೀನ್ ರೋಗ ತರುವ ಇತರ ಜೀನುಗಳನ್ನು ಚಾಲೂ ಮಾಡುತ್ತದೆ. ಸಂದೇಶ ಮೊದಲೇ ಬರೆದಾಗಿರುತ್ತದೆ, ತಡೆಯಿರುವುದು ಓದುವುದಕ್ಕೆ ಮಾತ್ರ ಎಂಬ ಮುಖ್ಯ ವಿಚಾರವನ್ನು ಅವರು ಎರಡು ಸಲ ಬಿಡಿಸಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಲಿಸ್ಟೀರಿಯಾದ ಈ ಆರ್‌ಎನ್‌ಎ ಉಷ್ಣಮಾಪಕದ ವಿಚಾರವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡ 2002ರಲ್ಲಿ ಪ್ರಕಟಿಸಿತು.

ಮಾದರಿಗೂ ಒಂದು ಮಿತಿಯಿದೆ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಕರಗಿಬಿಡುತ್ತದೆ. ಮಡಿಕೆಯನ್ನು ಹಿಡಿದಿಡುವ ಆರ್‌ಎನ್‌ಎಯ ಜೋಡಿಗಳಾದರೋ ಬಿಸಿಯೇರಿದಂತೆ ಹಂತಹಂತವಾಗಿ ಸಡಿಲಗೊಳ್ಳುತ್ತವೆ, ತಣಿದರೆ ಮತ್ತೆ ಕೂಡಿಕೊಳ್ಳುತ್ತವೆ. ನಾನು ಕೇಳಿದ ಮೇಲಷ್ಟೇ ಈ ವಿವರ ಬಂತು. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಸೋಯಾ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾದಲ್ಲೂ ಇಂಥದೇ ಉಷ್ಣಮಾಪಕವಿದ್ದು, ಬಿಸಿಯಿಂದ ಪ್ರೋಟೀನುಗಳು ಕೆಡದಂತೆ ಕಾಯುವ ಜೀನುಗಳನ್ನು ಅದು ನಿಯಂತ್ರಿಸುತ್ತದೆ. ಕೃಷಿಕರ ಮನೆಗಳಿಂದ ಬರುವ ಮಕ್ಕಳ ಎದುರು ಈ ಭಾಗ ಒಂದೇ ವಾಕ್ಯದಲ್ಲಿ ಮುಗಿದುಹೋದದ್ದು ನನಗೆ ಬೇಸರ ತಂದಿತು.

ದೊಡ್ಡ ಕೊರತೆಯೆಂದರೆ ಟಿಪ್ಪಣಿಯದು. ಪಾಠ ಇಷ್ಟು ಚೆಂದದ ಕನ್ನಡದಲ್ಲಿ ನಡೆದರೂ ಕೈಗೆ ಸಿಗುವ ಅಚ್ಚಿನ ಹಾಳೆಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮನೆಗೆ ಹೋಗಿ ಮತ್ತೊಮ್ಮೆ ಓದಿಕೊಳ್ಳಲು ಅವರ ಭಾಷೆಯ ಎರಡು ಪುಟಗಳಾದರೂ ಬೇಕು. ಅಧ್ಯಾಪಿಕೆಯವರು ಒಪ್ಪಿದ್ದಾರೆ, ಕರಡು ತಿದ್ದಿಕೊಡಲು ನಾನೂ ಸಿದ್ಧಳಿದ್ದೇನೆ. ಅಲ್ಲಿಯವರೆಗೆ ಸೇರುವವರು ದಪ್ಪನೆಯ ನೋಟ್‌ಬುಕ್ಕೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.