‘ಎಸ್‌ಎ’ ಪಾಸ್‌ವರ್ಡ್ ಬದಲಿಸಿದ್ದು ಯಾರು? ಎಸ್‌ಕ್ಯುಎಲ್ ಸರ್ವರ್ ಆಡಿಟ್ ಬಳಸಿದ ಅನುಭವ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಎಸ್‌ಕ್ಯುಎಲ್ ಸರ್ವರ್‌ನ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಎಸ್‌ಎ ಲಾಗಿನ್, ಅಂದರೆ ಎಲ್ಲ ಹಕ್ಕೂ ಇರುವ ಮುಖ್ಯ ಲಾಗಿನ್, ನನ್ನನ್ನು ಒಳಗೇ ಬಿಡಲಿಲ್ಲ. ಬೀರುವಿನಲ್ಲಿದ್ದ ಲಕೋಟೆ ಒಡೆದು, ಅದರಲ್ಲಿ ಬರೆದಿಟ್ಟ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿಕೊಂಡು ಮೂರು ಸಲ ಹಾಕಿದೆ. ಊಹೂಂ. ಅಡ್ಮಿನ್ ಹಕ್ಕು ಇದ್ದ ನಾಲ್ವರನ್ನೂ ಕೇಳಿದೆ. ನಾಲ್ವರೂ ‘ನಾನಲ್ಲಪ್ಪ’ ಅಂದರು.

ನನ್ನ ಲಾಗಿನ್‌ನಿಂದ ಹೋಗಿ ಲಾಗಿನ್‌ಪ್ರಾಪರ್ಟಿ ಫಂಕ್ಷನ್‌ನಲ್ಲಿ ‘ಪಾಸ್‌ವರ್ಡ್‌ಲಾಸ್ಟ್‌ಸೆಟ್‌ಟೈಮ್’ ಕೇಳಿದೆ. ಶನಿವಾರ ರಾತ್ರಿ 11.40. ಯಾವಾಗ ಅಂತ ಗೊತ್ತಾಯಿತು, ಯಾರು ಅಂತ ಗೊತ್ತಾಗಲಿಲ್ಲ. (ಲಾಗಿನ್ ಪಟ್ಟಿಯ ಮಾಡಿಫೈ ಡೇಟ್ ನೋಡಿ ಮೋಸಹೋಗಬೇಡಿ, ಲಾಗಿನ್‌ನಲ್ಲಿ ಬೇರೆ ಏನು ಬದಲಿಸಿದರೂ ಅದೂ ಬದಲಾಗುತ್ತದೆ.)

ಆವತ್ತೇ ಆಡಿಟ್ ಹಾಕಿದೆ, ಅಂದರೆ ಸರ್ವರ್‌ನಲ್ಲಿ ಯಾರು ಏನು ಮಾಡಿದರು ಅಂತ ಬರೆದಿಡುವ ಸೌಲಭ್ಯ. ಬೇರೆ ಲೈಸೆನ್ಸ್ ಬೇಡ. ಎಲ್ಲಿ ಬರೆಯಬೇಕು ಅನ್ನುವುದಕ್ಕೆ ಒಂದು ಆಡಿಟ್, ಏನು ಬರೆಯಬೇಕು ಅನ್ನುವುದಕ್ಕೆ ಒಂದು ಸ್ಪೆಸಿಫಿಕೇಶನ್. ಅದರಲ್ಲಿ ಪಾಸ್‌ವರ್ಡ್ ಬದಲಾವಣೆಗಳನ್ನು ಬರೆದಿಡುವ ‘ಲಾಗಿನ್ ಚೇಂಜ್ ಪಾಸ್‌ವರ್ಡ್ ಗ್ರೂಪ್’ ಸೇರಿಸಿದರೆ ಆಯಿತು. ಎರಡನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ನಾನು ಒಂದನ್ನು ಮರೆತು ಎರಡು ದಿನ ಸುಮ್ನೆ ಖಾಲಿ ಫೈಲ್ ನೋಡುತ್ತಾ ಕೂತಿದ್ದೆ!

ಮುಂದಿನ ತಿಂಗಳು ಒಂದು ಸಾಲು ಬಂತು. ಯಾವ ಲಾಗಿನ್‌ನಿಂದ, ಯಾರ ಪಾಸ್‌ವರ್ಡ್, ಎಷ್ಟು ಹೊತ್ತಿಗೆ, ಎಲ್ಲವೂ ಇತ್ತು. ಓಡಿಸಿದ ಆಲ್ಟರ್ ಲಾಗಿನ್ ಆಜ್ಞೆಯೂ ಇತ್ತು, ಆದರೆ ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಬರೀ ನಕ್ಷತ್ರಗಳು. ಇದು ನನಗೆ ತುಂಬಾ ಹಿಡಿಸಿತು. ಹೊತ್ತು ಮಾತ್ರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ನಮ್ಮ ಸಮಯಕ್ಕೆ ನಾವೇ ಲೆಕ್ಕ ಹಾಕಿಕೊಳ್ಳಬೇಕು. ಹಾಕಿ ನೋಡಿದರೆ ಮತ್ತೆ ಶನಿವಾರ ರಾತ್ರಿ 11.40! ಬದಲಿಸಿದ್ದು ಮನುಷ್ಯನೇ ಅಲ್ಲ, ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳು ತಾವಾಗಿ ಓಡಲು ಬಳಸುವ ಖಾತೆ). ಯಾರೋ ಎಂದೋ ಬರೆದಿಟ್ಟ ಸ್ಕ್ರಿಪ್ಟ್ ತಿಂಗಳಿಗೊಮ್ಮೆ ಎದ್ದು ಎಸ್‌ಎ ಪಾಸ್‌ವರ್ಡನ್ನು ತನ್ನ ಹಳೇದಕ್ಕೆ ತಿರುಗಿಸುತ್ತಿತ್ತು. ನಾಲ್ವರ ಹತ್ತಿರವೂ ಹೋಗಿ ಸಾರಿ ಕೇಳಿದೆ.

ಕೊರತೆ ಇಲ್ಲ ಅಂತಲ್ಲ. ಸಿಸ್‌ಅಡ್ಮಿನ್ ಹಕ್ಕು (ಸರ್ವರ್‌ನ ಪೂರ್ತಿ ಅಧಿಕಾರ) ಇದ್ದವರು ಆಡಿಟನ್ನೇ ನಿಲ್ಲಿಸಬಹುದು. ಕಳ್ಳನ ಕೈಗೇ ಕೀಲಿ ಕೊಟ್ಟಂತೆ, ಅಲ್ವಾ? ಅದಕ್ಕೇ ಆಡಿಟ್‌ನಲ್ಲಾಗುವ ಬದಲಾವಣೆಗಳನ್ನೂ ಬರೆದಿಡುವ ‘ಆಡಿಟ್ ಚೇಂಜ್ ಗ್ರೂಪ್’ ಕೂಡ ಸೇರಿಸಿದ್ದೇನೆ. ಫೈಲ್ ಬಿಟ್ಟು ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ಗೆ ಬರೆಸುತ್ತಿದ್ದೇನೆ. ಆ ಲಾಗ್ ಅಳಿಸುವ ಹಕ್ಕು ನಮ್ಮ ತಂಡದಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಇನ್ನು ಆ ಮೊದಲ ಶನಿವಾರದ್ದೂ ಅದೇ ಸ್ಕ್ರಿಪ್ಟ್ ಕೆಲಸ ಅಂತ ನನಗೆ ಗಟ್ಟಿ ಅನುಮಾನ. ಆದರೆ ಸಾಕ್ಷಿ ಇಲ್ಲ, ಆವತ್ತು ಆಡಿಟ್ ಇರಲಿಲ್ಲ.