ಮಂಡಿಯ ಎರಡನೇ ಲಿಗಮೆಂಟ್ ಶಸ್ತ್ರಚಿಕಿತ್ಸೆ: ದಾವಣಗೆರೆಯ ಒಂದು ಆಸ್ಪತ್ರೆಯ ಸೇವೆ

ಕಬಡ್ಡಿ ಆಡುವ ನನ್ನ ತಮ್ಮನ ಬಲಮಂಡಿಗೆ ಬೇರೊಂದು ಊರಿನಲ್ಲಿ ಎ.ಸಿ.ಎಲ್. (ಮಂಡಿಯೊಳಗೆ ತೊಡೆಮೂಳೆಯನ್ನು ಕೆಳಗಾಲಿನ ಮೂಳೆಗೆ ಹಿಡಿದಿಡುವ ಲಿಗಮೆಂಟ್) ಶಸ್ತ್ರಚಿಕಿತ್ಸೆ ಆಗಿತ್ತು. ಆಟಕ್ಕೆ ಮರಳಿದ ಮೇಲೆ ಮಂಡಿ ಮತ್ತೆ ಜಾರತೊಡಗಿದ್ದರಿಂದ ದಾವಣಗೆರೆಯ ಪಿ.ಜೆ. ಬಡಾವಣೆಯ ಖಾಸಗಿ ಮೂಳೆ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು.

ಇಲ್ಲಿನ ವೈದ್ಯರು ಮತ್ತೊಂದು ಆಪರೇಷನ್ನಿಗೆ ಆತುರಪಡದೆ, ಮೊದಲನೆಯದು ಏಕೆ ಕೈಕೊಟ್ಟಿತು ಎಂಬುದನ್ನೇ ಮೊದಲು ಹುಡುಕಿದ್ದು ನನಗೆ ಬಹಳ ಹಿಡಿಸಿತು. ಎಂ.ಆರ್.ಐ. ಒಂದೇ ಸಾಲದು, ಮೊದಲ ಆಪರೇಷನ್ನಿನಲ್ಲಿ ಲಿಗಮೆಂಟ್ ಕೂರಿಸಲು ಮೂಳೆಯಲ್ಲಿ ಕೊರೆದ ರಂಧ್ರಗಳ ಜಾಗ ಮತ್ತು ಅಗಲ ತಿಳಿಯಬೇಕು ಎಂದು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ತೊಡೆಮೂಳೆಯ ರಂಧ್ರ ಇರಬೇಕಾದ ಜಾಗಕ್ಕಿಂತ ಮುಂದಿತ್ತು. ಟಿಬಿಯಾದ, ಅಂದರೆ ಕೆಳಗಾಲಿನ ಮುಖ್ಯ ಮೂಳೆಯ, ರಂಧ್ರ 15 ಮಿಲಿಮೀಟರಿನಷ್ಟು ಹಿಗ್ಗಿತ್ತು. ರಂಧ್ರ ಹಿಗ್ಗದಿದ್ದರೆ ಒಂದೇ ಹಂತದಲ್ಲಿ ಮುಗಿಸಬಹುದಿತ್ತು, ಇಷ್ಟು ಅಗಲವಾದಾಗ ಹೊಸ ಗ್ರಾಫ್ಟ್ (ಲಿಗಮೆಂಟಿನ ಬದಲು ಕೂರಿಸುವ ಟೆಂಡನ್ ತುಂಡು) ಬಿಗಿಯಾಗಿ ಕೂರುವುದಿಲ್ಲ ಎಂದು ಪರದೆಯ ಮೇಲೆ ಅಳತೆ ಹಿಡಿದು ತೋರಿಸಿದರು. ಹಾಗಾಗಿ ಮೊದಲ ಹಂತದಲ್ಲಿ ಹಳೆಯ ಸ್ಕ್ರೂ ತೆಗೆದು ಸೊಂಟದ ಮೂಳೆಯ ಚೂರುಗಳನ್ನು ರಂಧ್ರಕ್ಕೆ ತುಂಬಿ, ಕೆಲವು ತಿಂಗಳ ಬಳಿಕ ಅದು ಕೂಡಿಕೊಂಡಿರುವುದನ್ನು ಇನ್ನೊಂದು ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಂಡೇ ಎರಡನೇ ಹಂತಕ್ಕೆ ಕೈಹಾಕಿದರು.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ಮೊದಲೇ ಬಳಕೆಯಾಗಿದ್ದರಿಂದ ಈ ಸಲ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಟೆಂಡನ್ ತೆಗೆದುಕೊಂಡರು. ದಾನಿಯ ಟೆಂಡನ್ ಬಗ್ಗೆ ನಾವೇ ಕೇಳಿದಾಗ, ಮರುಶಸ್ತ್ರಚಿಕಿತ್ಸೆಯಲ್ಲಿ ಅದು ಮತ್ತೆ ಹರಿಯುವ ಸಾಧ್ಯತೆ ಸ್ವಂತದ್ದಕ್ಕಿಂತ ಹೆಚ್ಚು ಎಂದು ಬಿಡಿಸಿ ಹೇಳಿದರು. ಜೊತೆಗೆ ತೊಡೆಯ ಹೊರಬದಿಯಿಂದ ಮಂಡಿಯವರೆಗೆ ಇಳಿಯುವ ಗಟ್ಟಿ ಪದರವಾದ ಇಲಿಯೋಟಿಬಿಯಲ್ ಬ್ಯಾಂಡಿನ ಒಂದು ಪಟ್ಟಿಯನ್ನು ತೊಡೆಮೂಳೆಗೆ ಬಿಗಿದು, ತಿರುಗುವಾಗ ಕಾಲು ಜಾರದಂತೆ ಆಸರೆ ಕೊಟ್ಟರು. ದಿಢೀರನೆ ದಿಕ್ಕು ಬದಲಿಸುವ ಕಬಡ್ಡಿ ಆಟಗಾರನಿಗೆ ಇದು ಅಗತ್ಯವೆಂದೇ ನನ್ನ ಅಭಿಪ್ರಾಯ. ಟಿಬಿಯಾದ ಮೇಲ್ತುದಿ ಹಿಂದಕ್ಕೆ ಬಾಗಿರುವ ಇಳಿಜಾರು 12 ಡಿಗ್ರಿಗಿಂತ ಕಡಿಮೆಯಿದ್ದುದರಿಂದ ಮೂಳೆ ಕತ್ತರಿಸಿ ಸರಿಪಡಿಸುವ ಮಾತು ಬರಲಿಲ್ಲ.

ಫಿಸಿಯೋಥೆರಪಿ ವಿಭಾಗ ಇಕ್ಕಟ್ಟಾಗಿದೆ, ಆದರೆ ಕೆಲಸ ಅಚ್ಚುಕಟ್ಟು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿ ಪೂರ್ತಿ ನೇರವಾಗುವವರೆಗೆ ಚಿಪ್ಪಿನ ಮೇಲ್ಭಾಗದ ಸ್ನಾಯುವನ್ನು ಬಿಗಿಸಲು ಹೇಳುತ್ತ, ಅದು ಗಟ್ಟಿಯಾಗುತ್ತಿದೆಯೇ ಎಂದು ಫಿಸಿಯೋಥೆರಪಿಸ್ಟ್ ಬೆರಳಿಟ್ಟು ನೋಡುತ್ತಿದ್ದರು. ಒಂಬತ್ತು ತಿಂಗಳು ತುಂಬುವ ಮೊದಲು, ಅದೂ ಎರಡೂ ಕಾಲುಗಳ ಬಲ ಹೋಲಿಸಿ ನೋಡದೆ, ಅಂಕಣಕ್ಕೆ ಬಿಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದಾರೆ.

ಕೊರತೆಯೆಂದರೆ ಖರ್ಚಿನ ವಿವರ. ಎರಡು ಹಂತಗಳ ಅಂದಾಜನ್ನು ಮೊದಲೇ ಬರೆದು ಕೊಡಲಿಲ್ಲ; ಕೇಳಿ ಪಡೆಯಬೇಕಾಯಿತು. ಹೊಳಲ್ಕೆರೆ, ಚಿತ್ರದುರ್ಗದ ಕಡೆಯಿಂದ ಇಂಥ ಚಿಕಿತ್ಸೆಗೆ ಬರುವವರು ಹಿಂದಿನ ಆಪರೇಷನ್ನಿನ ಟಿಪ್ಪಣಿ ಮತ್ತು ಸ್ಕ್ರೂವಿನ ಅಳತೆಯಿರುವ ಸ್ಟಿಕ್ಕರನ್ನು ಮರೆಯದೆ ತರಬೇಕು. ಹಳೆಯ ಸ್ಕ್ರೂ ಬಿಚ್ಚಲು ಸರಿಹೊಂದುವ ಸಲಕರಣೆಯನ್ನು ಅದನ್ನು ನೋಡಿಯೇ ತರಿಸುತ್ತಾರೆ.